ಹೊರದೇಶದ ಕೀಪ್ಯಾಡ್ ಫೋನ್ ತರಿಸುವ ಮುಂಚೆ ಇದನ್ನು ಓದಿ

ಸ್ಮಾರ್ಟ್‌ಫೋನ್ ಬಿಟ್ಟು ಬಟನ್ ಫೋನಿಗೆ ಹೋಗಬೇಕು ಅಂತ ಯೋಚಿಸುತ್ತಿದ್ದೀರಾ? ಖಂಡಿತ ಹೋಗಿ. ನಾನೂ ಹೋಗಿದ್ದೇನೆ, ವಾಪಸ್ ಬಂದಿಲ್ಲ. ಆದರೆ ನಾನು ಮೊದಲು ತರಿಸಿದಂಥ ಫೋನ್ ಮಾತ್ರ ತರಿಸಬೇಡಿ. ಅದರಿಂದ ನಮ್ಮ ಮನೆಯಲ್ಲಿ ಏನಾಯಿತು ಅನ್ನುವುದನ್ನು ಹೇಳಲೇಬೇಕು ಅನಿಸಿತು.

ನಮ್ಮದು ವೇಮಗಲ್ ಕಡೆ ಹಳ್ಳಿ. ಟೊಮೆಟೊ ಬೆಳೆಯುತ್ತೇವೆ, ಎರಡು ಹಸು ಇವೆ. ಕೋಲಾರ ಮಂಡಿಯ ರೇಟು ನೋಡುವುದಕ್ಕೆ ಅಂತ ಐದಾರು ವಾಟ್ಸಾಪ್ ಗುಂಪು ಸೇರಿಕೊಂಡಿದ್ದೆ. ರೇಟು ನೋಡಿ ಮುಗಿಯುತ್ತಿರಲಿಲ್ಲ. ಅಲ್ಲಿಂದ ವಿಡಿಯೋ, ಆ ವಿಡಿಯೋದಿಂದ ಇನ್ನೊಂದು. ರಾತ್ರಿ ಹನ್ನೆರಡಾದರೂ ಫೋನ್ ಕೈಯಲ್ಲೇ ಇರುತ್ತಿತ್ತು. ಬೆಳಗ್ಗೆ ನಾಲ್ಕಕ್ಕೆ ಎದ್ದು ಲೋಡು ತಗೊಂಡು ಹೋಗಬೇಕಾದವನಿಗೆ ಇದು ಆಗುತ್ತದಾ? ಸಾಕು ಅನಿಸಿತು.

ಆನ್‌ಲೈನ್‌ನಲ್ಲಿ ಹುಡುಕುವಾಗ ಒಬ್ಬರ ಜಾಹೀರಾತು ಕಣ್ಣಿಗೆ ಬಿತ್ತು. ಅಮೆರಿಕದಿಂದ ತರಿಸಿದ ಕೀಪ್ಯಾಡ್ ಫೋನ್. ನೋಡೋದಕ್ಕೆ ಬಹಳ ಚೆನ್ನಾಗಿತ್ತು. ಗಟ್ಟಿ ಬಾಡಿ, ದೊಡ್ಡ ಬಟನ್, ಆ್ಯಪ್ ಒಂದೂ ಇಲ್ಲ. ‘ಅನ್‌ಲಾಕ್ಡ್, ಎಲ್ಲ ದೇಶದಲ್ಲೂ ನಡೆಯುತ್ತದೆ’ ಅಂತ ಬರೆದಿದ್ದರು. 9,800 ರೂಪಾಯಿ ಕೊಟ್ಟೆ.

ಫೋನ್ ಸಂಜೆ ಬಂತು. ರಾತ್ರಿ ಸಿಮ್ ಹಾಕಿದೆ. ಟವರ್ ಫುಲ್ ತೋರಿಸಿತು. ಸಿಮ್ ಕಂಪನಿಯಿಂದ ಇಂಗ್ಲಿಷ್‌ನಲ್ಲಿ ಒಂದು ಮೆಸೇಜೂ ಬಂತು. ಸರಿ, ಎಲ್ಲ ಆಯಿತು ಅಂದುಕೊಂಡೆ. ಹಳೇ ಫೋನ್ ಆಫ್ ಮಾಡಿ ಬೀರುವಿನಲ್ಲಿಟ್ಟೆ. ನಂಬರುಗಳನ್ನು ನಾಳೆ ನಿಧಾನವಾಗಿ ಸೇವ್ ಮಾಡೋಣ ಅಂತ ಮಲಗಿದೆ. ಒಂದೇ ಒಂದು ಕರೆ ಮಾಡಿ ನೋಡಲಿಲ್ಲ.

ಮಾರನೇ ದಿನ ಬೆಳಗ್ಗೆ ಎಂಬತ್ತು ಬಾಕ್ಸ್ ಹಾಕಿಕೊಂಡು ಎಪಿಎಂಸಿಗೆ ಹೊರಟೆ. ನಾನು ಹೋದ ಮೇಲೆ ಅಪ್ಪ ಹಾಲಿನ ಕ್ಯಾನ್ ಹಿಡಿದು ಕೊಟ್ಟಿಗೆಯಿಂದ ಬರುವಾಗ ಜಾರಿ ಬಿದ್ದಿದ್ದಾರೆ. ಮೇಲೇಳೋದಕ್ಕೆ ಆಗಿಲ್ಲ. ನನ್ನ ಹೆಂಡತಿ ಹದಿನಾಲ್ಕು ಸಲ ಕರೆ ಮಾಡಿದ್ದಾಳೆ. ಪ್ರತಿ ಸಲವೂ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಅಂತ ಬಂದಿದೆ. ಕೊನೆಗೆ ಮೆಸೇಜ್ ಮಾಡಿದ್ದಾಳೆ.

ಆ ಮೆಸೇಜ್ ನನಗೆ ಬಂತು. ಹರಾಜು ನಡೆಯುತ್ತಿತ್ತು. ತೆಗೆದು ನೋಡಿದರೆ ಸಾಲಾಗಿ ಖಾಲಿ ಚೌಕಗಳು. ಒಂದಕ್ಷರ ಇಲ್ಲ. ಮೇಲಿದ್ದ ನಂಬರನ್ನು ಸರಿಯಾಗಿ ನೋಡಲಿಲ್ಲ. ಸೇವ್ ಮಾಡಿರಲಿಲ್ಲವಲ್ಲ, ಯಾವುದೋ ಜಾಹೀರಾತು ಇರಬೇಕು ಅಂತ ಜೇಬಿಗೆ ಹಾಕಿಕೊಂಡೆ.

ಅದರಲ್ಲಿ ಇದ್ದದ್ದು ಇಷ್ಟು: ‘ಮಾವ ಜಾರಿ ಬಿದ್ದವ್ರೆ. ಏಳಕ್ಕಾಗ್ತಿಲ್ಲ. ಗಾಡಿ ತಗೊಂಡು ಬೇಗ ಬನ್ನಿ.’ ಅವಳ ಫೋನಿನಲ್ಲಿ ಈಗಲೂ ಹಾಗೇ ಇದೆ.

ಒಂಬತ್ತು ಗಂಟೆಗೆ ಹಣದ ಚೀಟಿ ಕೈಗೆ ಬಂದ ಮೇಲೆ ಮನೆಗೆ ಕರೆ ಮಾಡಿದೆ, ಹೋಗಲಿಲ್ಲ. ಮತ್ತೆ ಮಾಡಿದೆ, ಹೋಗಲಿಲ್ಲ. ಮಂಡಿ ರೈಟರ್ ಹತ್ತಿರ ಫೋನ್ ಇಸ್ಕೊಂಡು ಮಾಡಿದೆ. ‘ಏನ್ರೀ, ಎಲ್ಲಿ ಹೋಗಿದ್ರಿ’ ಅಂತ ಅವಳು ಅಳುವುದಕ್ಕೆ ಶುರು ಮಾಡಿದಳು. ನಾನು ಬರುತ್ತೇನೆ ಅಂತ ಒಂದು ಗಂಟೆ ಕಾದು, ಆಮೇಲೆ ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ತೊಡೆ ಮೂಳೆ ಮುರಿದಿತ್ತು. ಎಪ್ಪತ್ತೆರಡು ವರ್ಷದ ಮನುಷ್ಯ ಆ ನೋವಿನಲ್ಲಿ ಒಂದು ಗಂಟೆ ಸುಮ್ನೆ ಬಿದ್ದಿದ್ದರು. ನಾನಿದ್ದದ್ದು ಅರ್ಧ ಗಂಟೆ ದೂರದಲ್ಲಿ, ಗಾಡಿಯ ಸಮೇತ.

ಟವರ್ ಫುಲ್ ಇದ್ದೂ ಕರೆ ಯಾಕೆ ಬರಲಿಲ್ಲ? ಆಸ್ಪತ್ರೆಯಲ್ಲಿ ಕೂತ ದಿನಗಳಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗನ ಹತ್ತಿರ ಕೇಳಿ ಕೇಳಿ ತಿಳಿದುಕೊಂಡೆ. ಅಮೆರಿಕದ ದೊಡ್ಡ ಸಿಮ್ ಕಂಪನಿಗಳೆಲ್ಲ 2022ರ ಕೊನೆಯೊಳಗೆ 3ಜಿ ಮುಚ್ಚಿದವು. ಹಾಗಾಗಿ ಅಲ್ಲಿನ ಹೊಸ ಕೀಪ್ಯಾಡ್ ಫೋನುಗಳು 4ಜಿ ಫೋನುಗಳೇ. 4ಜಿ ಮೇಲೆ ಮಾತಾಡುವುದಕ್ಕೆ ವೋಲ್ಟಿ (VoLTE) ಅನ್ನುವ ವ್ಯವಸ್ಥೆ ಬೇಕು. ಫೋನಿನಲ್ಲಿ ವೋಲ್ಟಿ ಇದ್ದರೆ ಸಾಲದು, ನಮ್ಮ ಇಲ್ಲಿನ ಕಂಪನಿಯ ಸೆಟ್ಟಿಂಗ್ ಅದರಲ್ಲಿ ಇರಬೇಕು. ಆ ಫೋನಿನಲ್ಲಿ ಅಲ್ಲಿನ ಕಂಪನಿಗಳದ್ದು ಮಾತ್ರ ಇತ್ತು. ವೋಲ್ಟಿ ಇಲ್ಲದಿದ್ದರೆ ಕರೆ ಬಂದಾಗ ಫೋನ್ 2ಜಿಗೆ ಇಳಿಯಬೇಕು. ಇಲ್ಲಿ 2ಜಿ ನಡೆಯುವುದು 900 ಮತ್ತು 1800 ಮೆಗಾಹರ್ಟ್ಸ್‌ನಲ್ಲಿ. ಆ ಫೋನ್ ಹಿಡಿಯುತ್ತಿದ್ದ 2ಜಿ ತರಂಗ ಅಮೆರಿಕದ 850, 1900 ಮಾತ್ರ. ಇಳಿಯುವುದಕ್ಕೆ ಜಾಗವೇ ಇಲ್ಲ. ಮೆಸೇಜ್ ಮಾತ್ರ 4ಜಿ ಮೇಲೇ ಬಂದುಬಿಡುತ್ತದೆ, ಟವರೂ ತೋರಿಸುತ್ತದೆ. ನಾನು ಮೋಸ ಹೋದದ್ದು ಅಲ್ಲೇ. 2ಜಿ ಇಲ್ಲದೆ 4ಜಿಯಿಂದಲೇ ಶುರುವಾದ ಕಂಪನಿಯ ಸಿಮ್ ಆದರೆ ವೋಲ್ಟಿ ಬಿಟ್ಟು ಬೇರೆ ದಾರಿಯೇ ಇಲ್ಲ.

‘ಅನ್‌ಲಾಕ್ಡ್’ ಅನ್ನುವ ಮಾತಿಗೂ ಇದಕ್ಕೂ ಸಂಬಂಧವಿಲ್ಲ, ಇದನ್ನು ನೆನಪಿಡಿ. ಯಾವ ಕಂಪನಿಯ ಸಿಮ್ ಬೇಕಾದರೂ ಹಾಕಬಹುದು ಅಂತ ಅಷ್ಟೇ ಅದರ ಅರ್ಥ. ಕರೆ ಬರುತ್ತದೆ ಅಂತಲ್ಲ.

ಕನ್ನಡದ ವಿಷಯ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿತು. ನಮ್ಮ ದೇಶದಲ್ಲಿ ಮಾರುವ ಫೋನಿಗೆ ಒಂದು ನಿಯಮ ಇದೆ. ಎಷ್ಟೇ ಅಗ್ಗದ್ದಾಗಲಿ, 22 ಭಾಷೆಗಳ ಮೆಸೇಜ್ ಓದುವುದಕ್ಕೆ ಬರಬೇಕು. ಅದರಿಂದಲೇ ಸಾವಿರ ರೂಪಾಯಿಯ ಫೋನಿನಲ್ಲೂ ಕನ್ನಡ ಕಾಣುತ್ತದೆ. ಹೊರಗಿನವರಿಗೆ ಮಾಡಿದ ಫೋನಿಗೆ ಆ ನಿಯಮ ಎಲ್ಲಿಂದ ಬರಬೇಕು? ಇನ್ನೊಂದು, 2017ರಿಂದ ಇಲ್ಲಿ ಮಾರುವ ಕೀಪ್ಯಾಡ್ ಫೋನುಗಳಲ್ಲಿ 5 ಅಥವಾ 9ನೇ ಬಟನ್ ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕು ಅಂತಿದೆ. ವಯಸ್ಸಾದವರಿಗೆ ಫೋನ್ ಕೊಡಿಸುವವರು ಇದನ್ನು ಗಮನಿಸಿ. ನಾನು ತರಿಸಿದ್ದರಲ್ಲಿ ಅದೂ ಇರಲಿಲ್ಲ.

ಮಾರಿದವರಿಗೆ ಫೋನ್ ಮಾಡಿದೆ. ‘ಸೆಟ್ ಆನ್ ಆಗ್ತಿದೆ, ಟವರ್ ಬರ್ತಿದೆ, ನಮ್ಮ ಕಡೆಯಿಂದ ಏನೂ ತೊಂದರೆ ಇಲ್ಲ ಸಾರ್’ ಅಂದರು. ಬಿಲ್ ಕೇಳಿದರೆ ಇಂಪೋರ್ಟೆಡ್ ಮಾಲಿಗೆ ಬಿಲ್ ಇಲ್ಲ ಅಂದರು. ದುಡ್ಡು ವಾಪಸ್ ಬರಲಿಲ್ಲ.

ಈಗ ಕೋಲಾರದ ಅಂಗಡಿಯಲ್ಲೇ ತಗೊಂಡ 4ಜಿ ಕೀಪ್ಯಾಡ್ ಫೋನ್ ಇಟ್ಟುಕೊಂಡಿದ್ದೇನೆ. ಎರಡು ಸಾವಿರದೊಳಗೆ ಸಿಕ್ಕಿತು. ಅಂಗಡಿಯಲ್ಲೇ ನನ್ನ ಸಿಮ್ ಹಾಕಿಸಿದೆ. ಹೆಂಡತಿಗೆ ಕರೆ ಮಾಡಿದೆ, ಅವಳ ಕೈಲಿ ವಾಪಸ್ ಮಾಡಿಸಿದೆ, ಕನ್ನಡದಲ್ಲಿ ಒಂದು ಮೆಸೇಜ್ ಹಾಕಿಸಿದೆ. ಓದಿದ ಮೇಲೇ ದುಡ್ಡು ಕೊಟ್ಟೆ. ನೀವೂ ಹೀಗೇ ಮಾಡಿ. *#06# ಒತ್ತಿದರೆ 15 ಅಂಕಿಯ ಐಎಂಇಐ ನಂಬರ್, ಅಂದರೆ ಆ ಫೋನಿನ ಗುರುತಿನ ನಂಬರ್ ಬರುತ್ತದೆ. KYM ಅನ್ನುವ ಮೂರು ಇಂಗ್ಲಿಷ್ ಅಕ್ಷರ, ಒಂದು ಸ್ಪೇಸ್, ಆ ನಂಬರ್ ಬರೆದು 14422ಕ್ಕೆ ಮೆಸೇಜ್ ಮಾಡಿದರೆ ಆ ಸೆಟ್‌ನ ವಿವರ ಸಿಗುತ್ತದೆ. ಹಳೇ ಸ್ಮಾರ್ಟ್‌ಫೋನ್ ಮನೆಯಲ್ಲಿದೆ, ಬ್ಯಾಂಕಿನ ಕೆಲಸ ಇದ್ದಾಗ ಮಾತ್ರ ತೆಗೆಯುತ್ತೇನೆ.

ಅಪ್ಪನಿಗೆ ಆಪರೇಷನ್ ಆಯಿತು. ವಾಕರ್ ಹಿಡಿದು ಅಂಗಳದವರೆಗೆ ಬರುತ್ತಾರೆ, ಕೊಟ್ಟಿಗೆಗೆ ಹೋಗುವ ಹಾಗಿಲ್ಲ.

ಮೊನ್ನೆ ಅದೇ ಜಾಹೀರಾತು ಮತ್ತೆ ಕಂಡಿತು. ‘ಎಲ್ಲ ದೇಶದಲ್ಲೂ ನಡೆಯುತ್ತದೆ’ ಅಂತ ಇನ್ನೂ ಹಾಗೇ ಇದೆ.