38 ಪರ್ಸೆಂಟ್ ಇದ್ದ ಟ್ಯಾಬ್ ನಡುನೀರಲ್ಲಿ ಕೈಕೊಟ್ಟಿತು: ಬ್ಯಾಟರಿ ಹಾಕಿಸುವ ಮುನ್ನ ಓದಿ

ಹೊಸ ಬ್ಯಾಟರಿ ಹಾಕಿಸಿ ವಾರವೂ ಆಗದ ಟ್ಯಾಬ್ ಅದು. ನಕ್ಷೆ ನೋಡಲಿಕ್ಕೆಂದು ಕಾರವಾರದ ಬೈತಖೋಲ ಬಂದರಿನಿಂದ ದೋಣಿಯಲ್ಲಿ ಒಯ್ದಿದ್ದರು. ತೋರಿಸುತ್ತಿದ್ದದ್ದು 38 ಪರ್ಸೆಂಟ್. ಜಿಪಿಎಸ್ ಹಚ್ಚಿ, ಬಿಸಿಲಿಗೆ ಕಾಣಲೆಂದು ಬ್ರೈಟ್‌ನೆಸ್ ಪೂರ್ತಿ ಏರಿಸಿದ್ದೇ ತಡ, ಆಫ್. ದಡಕ್ಕೆ ಬಂದು ಚಾರ್ಜರ್ ಚುಚ್ಚಿದರೆ ಸೀದಾ 31!

ಆ ಅಂಕಿ ಅಳತೆಯಲ್ಲ, ಅಂದಾಜು. ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಗೇಜ್ ಚಿಪ್ ಎಣಿಸುತ್ತದೆ, ಜೊತೆಗೆ ವೋಲ್ಟೇಜ್ ನೋಡಿ ಲೆಕ್ಕ ತಿದ್ದಿಕೊಳ್ಳುತ್ತದೆ. ತುಂಬಿದ ಲಿಥಿಯಂ ಸೆಲ್ 4.2 ವೋಲ್ಟ್, ಈಗಿನ ಕೆಲವು 4.4ರವರೆಗೂ ಹೋಗುತ್ತವೆ. ಆದರೆ ನಡುಭಾಗದಲ್ಲಿ ವೋಲ್ಟೇಜ್ ಇಳಿಯುವುದೇ ಗೊತ್ತಾಗುವುದಿಲ್ಲ, ತಪ್ಪು ನುಸುಳುವುದು ಅಲ್ಲೇ. ಕಳಪೆ ಸೆಲ್ಲಿನ ಒಳಗಿನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅಡ್ಡಬರುವ ತಡೆ, 0.2 ಓಮ್ ಇದ್ದರೆ, 2 ಆಂಪ್ ಎಳೆದಾಗ 0.4 ವೋಲ್ಟ್ ಕುಸಿಯುತ್ತದೆ. 3.75 ಇದ್ದದ್ದು 3.35ಕ್ಕೆ ಬಿತ್ತು, ಟ್ಯಾಬ್ ಕಣ್ಣು ಮುಚ್ಚಿತು. ಭಾರ ತಪ್ಪಿದೊಡನೆ ವೋಲ್ಟೇಜ್ ಮತ್ತೆ ಏರುತ್ತದೆ. ಆ 31 ಬಂದದ್ದು ಹಾಗೆ.

ಇನ್ನೊಂದು ಮೋಸ ಲೇಬಲ್ಲಿನದು: ಒಳಗಿರುವುದಕ್ಕಿಂತ ದೊಡ್ಡ ಅಂಕಿ ಬರೆದಿರುತ್ತಾರೆ. ಹಲವು ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಗೇಜ್ ಚಿಪ್ ಮದರ್‌ಬೋರ್ಡಿನಲ್ಲೇ ಇರುತ್ತದೆ, ಮೂಲ ಬ್ಯಾಟರಿಯ ಜಾತಕ ಇಟ್ಟುಕೊಂಡು. ಸಣ್ಣ ಸೆಲ್ ಹಾಕಿದರೂ ಅದು ಹಳೆಯ ಜಾತಕವನ್ನೇ ಓದುತ್ತಿರುತ್ತದೆ, ಪರ್ಸೆಂಟ್ ನೋಡಿ ಮೋಸ ಗೊತ್ತಾಗುವುದಿಲ್ಲ.

ಪತ್ತೆಹಚ್ಚಲು ಯುಎಸ್‌ಬಿ ಮೀಟರ್ ಸಾಕು, ಚಾರ್ಜರಿಗೂ ಟ್ಯಾಬಿಗೂ ನಡುವೆ ಸಿಕ್ಕಿಸಿ ಒಳಹೋದ ಕರೆಂಟ್ ಎಣಿಸುವ ಪುಟ್ಟ ಸಾಧನ ಅದು. ಭಾರಕ್ಕೆ ಮೊದಲೇ ಆಫ್ ಆಗದಂತೆ ಬ್ರೈಟ್‌ನೆಸ್ ತಗ್ಗಿಸಿ, ಟ್ಯಾಬ್ ತಾನಾಗಿ ಆಫ್ ಆಗುವವರೆಗೆ ಖಾಲಿ ಮಾಡಿ, ನಾಲ್ಕು ತಾಸು ಬಿಟ್ಟು, ಆಫ್ ಇರುವಾಗಲೇ ತುಂಬಿಸಿ. ಮೀಟರಿನಲ್ಲಿ ವ್ಯಾಟ್ ಅವರ್, ಅಂದರೆ ಒಳಹೋದ ಒಟ್ಟು ಶಕ್ತಿ ನೋಡಬೇಕು. ಅದರ ಎಮ್‌ಎಎಚ್ (ಮಿಲಿ ಆಂಪ್ ಅವರ್) ನಂಬಬೇಡಿ, ಅದು ಚಾರ್ಜರಿನ ವೋಲ್ಟೇಜಿನ ಲೆಕ್ಕ. 5000 ಎಮ್‌ಎಎಚ್ ಬ್ಯಾಟರಿ ಅಂದರೆ 5 ಆಂಪ್ ಅವರ್, ಸೆಲ್ಲಿನ ಸರಾಸರಿ ವೋಲ್ಟೇಜ್ 3.85ರಿಂದ ಗುಣಿಸಿದರೆ 19 ವ್ಯಾಟ್ ಅವರ್ ಚಿಲ್ಲರೆ. ಸೋರಿಹೋಗುವುದೂ ಸೇರಿ ಮೀಟರಿನಲ್ಲಿ 22–23 ಬರಬೇಕು. ಮೇಲಿನ ಟ್ಯಾಬ್ ಕುಡಿದದ್ದು 13! ಲೇಬಲ್ಲಿನಲ್ಲಿ 5000, ಒಳಗೆ ಮೂರು ಸಾವಿರಕ್ಕೂ ಕಮ್ಮಿ. ನಡುವೆ ಕರೆಂಟ್ ಹೋದರೆ ಲೆಕ್ಕ ಕೆಡುತ್ತದೆ. ಆಷಾಢದಲ್ಲಿ ಶಿರಸಿ ಕಡೆಯವರು ಇನ್ವರ್ಟರ್ ಮೇಲೇ ಮಾಡುವುದು ಲೇಸು.

ಹೀಗೆ ಒಮ್ಮೆ ಖಾಲಿ ಮಾಡಿ ತುಂಬಿಸಿದರೆ ಅಂಕಿಯೂ ಸ್ವಲ್ಪ ಸರಿಹೋಗುತ್ತದೆ, ಕ್ಯಾಲಿಬ್ರೇಶನ್ ಅನ್ನುವುದು ಇದಕ್ಕೇ. ಕಳೆದುಹೋದ ಕಸುವು ಅದರಿಂದ ಮರಳುವುದಿಲ್ಲ. ಪದೇ ಪದೇ ಮಾಡಿದರೆ ಸೆಲ್ ಸವೆಯುತ್ತದೆ ಅಷ್ಟೇ.

ಕರಾವಳಿಯವರು ಬ್ಯಾಟರಿಯನ್ನು ಬಯ್ಯುವ ಮುನ್ನ ಚಾರ್ಜಿಂಗ್ ಪೋರ್ಟಿಗೆ ಟಾರ್ಚ್ ಬಿಟ್ಟು ನೋಡಿ. ಉಪ್ಪುಗಾಳಿಗೆ ಹಸಿರು ಕಿಲುಬು ಕಟ್ಟಿದ್ದರೆ ಕರೆಂಟೇ ಸರಿಯಾಗಿ ಒಳಹೋಗುವುದಿಲ್ಲ. ಘಟ್ಟದ ಮೇಲಿನವರಿಗೆ ಒಂದು ಮಾತು: ಮಳೆಗೆ ನೆಂದ ಟ್ಯಾಬನ್ನು ಬಚ್ಚಲೊಲೆ ಹತ್ತಿರ ಒಣಗಿಸಲು ಇಡಬೇಡಿ, ಲಿಥಿಯಂಗೆ ಬಿಸಿಯಷ್ಟು ವೈರಿ ಬೇರೆಯಿಲ್ಲ.

ಬ್ಯಾಟರಿ ಹಾಕಿಸುವಾಗ ಬಿಲ್ಲಿನಲ್ಲಿ ವ್ಯಾಟ್ ಅವರ್ ಬರೆಸಿಕೊಳ್ಳಿ, ಎರಡು ದಿನದೊಳಗೆ ಮೀಟರ್ ಹಚ್ಚಿ. ಸ್ಕ್ರೀನಿನ ಅಂಚು ಮೇಲೆದ್ದಿದ್ದರೆ ಬ್ಯಾಟರಿ ಊದಿರಬಹುದು. ಒತ್ತಿ ಕೂರಿಸಲು ಹೋಗಬೇಡಿ, ಚಾರ್ಜಿಗೂ ಹಾಕಬೇಡಿ.