ಸ್ಪ್ರೇ ಕೋಟಿಂಗ್‌ಗೆ ಲೇಸರ್ ಮಾಡಿಸಿದೆವು, ಹೇಗಿದೆ ಅಂದ್ರೆ

ಪಂಪ್‌ನ ತಿರುಗುವ ಶಾಫ್ಟ್ ಮೇಲೆ ಕೂರುವ ಉಕ್ಕಿನ ಕೊಳವೆ, ಅಂದ್ರೆ ಸ್ಲೀವ್‌ಗಳಿಗೆ ನಿಕಲ್-ಕ್ರೋಮಿಯಂ-ಬೋರಾನ್-ಸಿಲಿಕಾನ್ ಪುಡಿಯನ್ನು ಕರಗಿಸಿ ಸ್ಪ್ರೇ ಮಾಡಿ, ಆಮೇಲೆ ಆ ಪದರವನ್ನು ಲೇಸರ್‌ನಿಂದ ಮತ್ತೆ ಕರಗಿಸಿಕೊಡುವ ಸರ್ವೀಸ್ ಬಳಸಿದೆವು. ಕೆಲಸ ಚೆನ್ನಾಗಿದೆ, ಮುಂದೆಯೂ ಅಲ್ಲೇ ಕೊಡುತ್ತೇವೆ.

ಬರೀ ಸ್ಪ್ರೇ ಮಾಡಿಸುತ್ತಿದ್ದಾಗ ಗೋಳು ಒಂದೇ, ಮೇಲೆಲ್ಲ ಹೊಳಪು, ಒಳಗೆ ತುಕ್ಕು. ಕರಗಿದ ಹನಿಗಳು ಚಪ್ಪಟೆಯಾಗಿ ಒಂದರ ಮೇಲೊಂದು ಕೂತು ಪದರ ಆಗುತ್ತದೆ, ಹಾಗಾಗಿ ನಡುವೆ ಸಣ್ಣ ಸಣ್ಣ ತೂತು ಉಳಿದೇ ಉಳಿಯುತ್ತವೆ, ಗ್ಯಾಸ್ ಉರಿಯಲ್ಲಿ ಕರಗಿಸುವ ಫ್ಲೇಮ್ ಸ್ಪ್ರೇನಲ್ಲಿ ಶೇ. 10ರ ಆಸುಪಾಸು ಇರುವುದೂ ಉಂಟು, ಅವು ಒಂದಕ್ಕೊಂದು ಸೇರಿಕೊಂಡರೆ ಉಪ್ಪುನೀರು ಸೀದಾ ಉಕ್ಕಿನವರೆಗೆ ಇಳಿಯುತ್ತದೆ. ನಿಕಲ್ ಮತ್ತು ಉಕ್ಕು ಒಟ್ಟಿಗೆ ನೆನೆದರೆ ಸವೆಯುವುದು ಉಕ್ಕು. ಕೊನೆಗೆ ಪದರವೇ ಎದ್ದು ಬರುತ್ತದೆ.

ಲೇಸರ್ ಹಾಯಿಸಿದ ಮೇಲೆ ಈ ತೂತುಗಳು ಮುಚ್ಚಿಹೋಗುತ್ತವೆ, ಪದರವೂ ಅಡಿಯ ಉಕ್ಕಿಗೆ ಬೆಸೆದುಕೊಳ್ಳುತ್ತದೆ. ಗ್ಯಾಸ್ ಟಾರ್ಚ್‌ನಿಂದಲೂ ಇದನ್ನು ಕರಗಿಸಬಹುದು, ಆದರೆ ಆಗ ಇಡೀ ಸ್ಲೀವ್ ಕಾಯುತ್ತದೆ, ತೆಳುವಾಗಿದ್ದರೆ ಸೊಟ್ಟಗಾಗುತ್ತದೆ. ನಮ್ಮ ಸ್ಲೀವ್‌ಗಳು ಅಳತೆ ಬಿಡದೆ ವಾಪಸ್ ಬಂದವು, ನನಗೆ ಇದೇ ಜಾಸ್ತಿ ಖುಷಿ ಕೊಟ್ಟಿದ್ದು.

ಒಂದು ತಕರಾರೂ ಇದೆ. ಮೊದಲ ಬ್ಯಾಚ್‌ನಲ್ಲಿ ಕೂದಲೆಳೆಯಂಥ ಬಿರುಕುಗಳು ಬಂದಿದ್ದವು, ಬರಿಗಣ್ಣಿಗೆ ಏನೂ ಕಾಣದು, ಡೈ ಪೆನೆಟ್ರೆಂಟ್ (ಬಿರುಕಿಗೆ ಇಳಿದು ಅದನ್ನು ತೋರಿಸುವ ಬಣ್ಣದ ದ್ರವ) ಹಾಕಿದಾಗ ಕೆಂಪು ಗೆರೆಗಳು ಎದ್ದವು. ಇಂಥ ಗಟ್ಟಿ ಪದರ ಲೇಸರ್ ದಾಟಿದ ಕೂಡಲೇ ತಟ್ಟನೆ ತಣ್ಣಗಾದರೆ ಹೀಗಾಗುತ್ತದೆ. ಬಿರುಕು ಉಕ್ಕಿನವರೆಗೆ ಹೋಗಿದ್ದರೆ ತೂತು ಮುಚ್ಚಿಸಿ ಏನು ಬಂತು, ಅಲ್ವಾ? ಹೇಳಿದ ಮೇಲೆ ಅವರು ಸ್ಲೀವ್‌ಗಳನ್ನು ಮೊದಲೇ ಬಿಸಿ ಮಾಡಿಕೊಂಡು, ನಿಧಾನಕ್ಕೆ ತಣಿಸಿ, ಹೊಸದಾಗಿ ಮಾಡಿಕೊಟ್ಟರು, ದುಡ್ಡು ಕೇಳಲಿಲ್ಲ. ಆದರೆ ಡೈ ಟೆಸ್ಟ್ ಅವರೇ ಮಾಡಿ ಕಳಿಸಬೇಕಿತ್ತು.

ಮಾಡಿಸುವವರು ಒಂದು ತುಂಡು ಕತ್ತರಿಸಿ ತೆಗೆದ ಮೈಕ್ರೋಸ್ಕೋಪ್ ಫೋಟೋ ಕೇಳಿ. ಲೇಸರ್ ಪವರ್ ಹೆಚ್ಚಾದರೆ ಅಡಿಯ ಕಬ್ಬಿಣ ಕರಗಿ ಪದರದೊಳಗೆ ಬೆರೆಯುತ್ತದೆ, ಆಗ ತುಕ್ಕು ತಡೆಯುವ ಶಕ್ತಿ ಕಡಿಮೆ. ಪವರ್ ಸಾಲದಿದ್ದರೆ ಮೇಲಷ್ಟೇ ಕರಗಿ ತಳದಲ್ಲಿ ತೂತು ಹಾಗೇ ಉಳಿಯುತ್ತದೆ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ.

ಸತು ಅಥವಾ ಅಲ್ಯೂಮಿನಿಯಂ ಸ್ಪ್ರೇ ಮಾಡಿಸಿದ್ದರೆ ಸುಮ್ನೆ ಇದಕ್ಕೆ ದುಡ್ಡು ಹಾಕಬೇಡಿ. ಅವು ತಾವೇ ಸವೆದು ಉಕ್ಕನ್ನು ಉಳಿಸುತ್ತವೆ, ಮೇಲೆ ತೂತು ಮುಚ್ಚುವ ಸೀಲರ್ ಬಳಿದರೆ ಸಾಕು.

ಲೇಸರ್ ಆದ ಮೇಲೆ ಮೈ ಅಲೆಅಲೆಯಾಗಿರುತ್ತದೆ, ಸ್ಲೀವ್‌ಗೆ ಗ್ರೈಂಡಿಂಗ್ ಬೇಕೇ ಬೇಕು. ಅದಕ್ಕೆ ಬೇಕಾದಷ್ಟು ದಪ್ಪ ಬಿಟ್ಟು ಸ್ಪ್ರೇ ಮಾಡುತ್ತಾರಾ, ಗ್ರೈಂಡಿಂಗ್ ಖರ್ಚು ಕೊಟೇಷನ್‌ನಲ್ಲೇ ಸೇರಿದೆಯಾ ಅಂತ ಮೊದಲೇ ಕೇಳಿಕೊಳ್ಳಿ.