ಗೊತ್ತಿಲ್ಲದೆ ಸೇರಿದ ನೆಟ್‌ಗಳು: ಈಗಲ್‌ನಲ್ಲೂ ಕೀಕ್ಯಾಡ್‌ನಲ್ಲೂ ಹಿಡಿದು ನೋಡಿದೆ

ಒಂದು ಸೆನ್ಸರ್ ಬೋರ್ಡಿನ ಸ್ಕೆಮ್ಯಾಟಿಕ್, ಅಂದರೆ ಸರ್ಕ್ಯೂಟಿನ ನಕ್ಷೆ. ಅದರಲ್ಲಿ ಸೆನ್ಸರ್ ಜೊತೆ ಮಾತಾಡುವ ಎರಡು ಲೈನುಗಳು: ಎಸ್‌ಡಿಎ (ಡೇಟಾ), ಎಸ್‌ಸಿಎಲ್ (ಕ್ಲಾಕ್). ಎಸ್‌ಡಿಎ ಲೈನಿನ ಪುಲ್‌ಅಪ್ ರೆಸಿಸ್ಟರನ್ನು (ಲೈನನ್ನು ಮೇಲಿನ ವೋಲ್ಟೇಜಿನಲ್ಲಿ ಹಿಡಿದಿಡುವುದು), ಸರ್ಕ್ಯೂಟ್ ಬರೆಯುವ ಸಾಫ್ಟ್‌ವೇರ್ ಕೀಕ್ಯಾಡ್‌ನಲ್ಲಿ ಸ್ವಲ್ಪ ಪಕ್ಕಕ್ಕೆ ಎಳೆದೆ. ಅದರ ಪಿನ್ನಿನ ತುದಿ ಸರಿಯಾಗಿ ಎಸ್‌ಸಿಎಲ್ ವೈರಿನ ಮೇಲೆ ಕೂತಿತು. ಅಷ್ಟೇ, ಎರಡೂ ಒಂದೇ ನೆಟ್ ಆದವು, ಅಂದರೆ ಒಂದಕ್ಕೊಂದು ಸೇರಿದ ಒಂದೇ ವಿದ್ಯುತ್ ಸಂಪರ್ಕ. ನನಗೆ ಗೊತ್ತಾಗಿದ್ದು ಬೋರ್ಡ್ ಮಾಡಿಸಿ ತಂದ ಮೇಲೆ, ಮಲ್ಟಿಮೀಟರ್ ಬೀಪ್ ಅಂದಾಗ. ಐದೂ ಬೋರ್ಡಿನಲ್ಲಿ ಟ್ರ್ಯಾಕ್ ಕೆರೆದು, ಜಂಪರ್ ವೈರ್ ಹಾಕಬೇಕಾಯಿತು.

ಆಮೇಲೆ ಅದೇ ಸರ್ಕ್ಯೂಟನ್ನು ಕೀಕ್ಯಾಡ್ ಮತ್ತು ಅಂಥದ್ದೇ ಆಟೋಡೆಸ್ಕ್ ಕಂಪನಿಯ ಈಗಲ್, ಎರಡೂ ಸಾಫ್ಟ್‌ವೇರ್‌ನಲ್ಲಿ ಬರೆದು, ಬೇಕಂತಲೇ ತಪ್ಪು ಮಾಡಿ ನೋಡಿದೆ.

ಈಗಲ್‌ನಲ್ಲಿ ಹೆಸರಿಟ್ಟ ಒಂದು ನೆಟ್ಟಿನ ವೈರನ್ನು ಎಳೆದು ಇನ್ನೊಂದರ ಮೇಲೆ ಮುಗಿಸಿದರೆ, ಅಲ್ಲೇ ಒಂದು ಕಿಟಕಿ ತೆರೆಯುತ್ತದೆ. ಎರಡನ್ನೂ ಸೇರಿಸಲೇ, ಯಾವ ಹೆಸರು ಉಳಿಸಲಿ ಎಂದು ಕೇಳುತ್ತದೆ. ಕೈ ತಪ್ಪಿದ ಕ್ಷಣದಲ್ಲೇ ಕೇಳುವುದರಿಂದ ತಪ್ಪು ಎಲ್ಲಾಯಿತು ಎಂದು ಹುಡುಕಬೇಕಿಲ್ಲ. ಇದು ನನಗೆ ತುಂಬಾ ಇಷ್ಟವಾಯಿತು. ಆದರೆ 2026ರ ಜೂನ್ 7ರ ನಂತರ ಈಗಲ್‌ಗೆ ಬೆಂಬಲ ಇರುವುದಿಲ್ಲ ಎಂದು ಆಟೋಡೆಸ್ಕ್ ಘೋಷಿಸಿದೆ. ಹೊಸ ಕೆಲಸವನ್ನು ಅದರಲ್ಲಿ ಶುರು ಮಾಡಿ ಅಂತ ಹೇಳಲಾರೆ.

ಕೀಕ್ಯಾಡ್ ಸುಮ್ನೆ ಸೇರಿಸಿಬಿಡುತ್ತದೆ. ಇಆರ್‌ಸಿ (ಸರ್ಕ್ಯೂಟಿನ ತಪ್ಪು ಹುಡುಕುವ ಪರೀಕ್ಷೆ) ಓಡಿಸಿದರೆ ಮಾತ್ರ, ಒಂದೇ ನೆಟ್ಟಿಗೆ ಎರಡು ಹೆಸರಿದೆ, ನೆಟ್‌ಲಿಸ್ಟಿಗೆ (ಯಾವ ಪಿನ್ ಯಾವ ನೆಟ್ಟಿನಲ್ಲಿದೆ ಎಂಬ ಪಟ್ಟಿ) ಇಂಥದ್ದನ್ನು ಬಳಸುತ್ತೇನೆ ಎನ್ನುತ್ತದೆ. ಅದೂ ವಾರ್ನಿಂಗ್ ಆಗಿ. 5 ವೋಲ್ಟ್ ಮತ್ತು 3.3 ವೋಲ್ಟ್ ರೆಗ್ಯುಲೇಟರ್‌ಗಳ ಔಟ್‌ಪುಟ್ ಸೇರಿಸಿದಾಗ ಎರರ್ ಬಂತು, ಯಾಕಂದ್ರೆ ಎರಡೂ ಪವರ್ ಔಟ್‌ಪುಟ್ ಪಿನ್‌ಗಳು. ಎಸ್‌ಡಿಎ, ಎಸ್‌ಸಿಎಲ್ ಪಿನ್‌ಗಳು ಎರಡೂ ದಿಕ್ಕಿನವು, ಅವು ಸೇರಿದರೆ ಪಿನ್ ಲೆಕ್ಕದಲ್ಲಿ ತಪ್ಪೇ ಅಲ್ಲ. ಉಳಿಯುವುದು ಆ ಒಂದು ವಾರ್ನಿಂಗ್. ನನ್ನದು ಹತ್ತಾರು ವಾರ್ನಿಂಗ್‌ಗಳ ನಡುವೆ ಕಳೆದುಹೋಗಿದ್ದು ಹೀಗೇ.

ಇದಕ್ಕೆ ಮದ್ದು ಇದೆ. ಸ್ಕೆಮ್ಯಾಟಿಕ್ ಸೆಟಪ್‌ನಲ್ಲಿ ವಯಲೇಶನ್ ಸಿವಿಯಾರಿಟಿ ಪುಟಕ್ಕೆ ಹೋಗಿ, ಒಂದು ನೆಟ್ಟಿಗೆ ಒಂದಕ್ಕಿಂತ ಜಾಸ್ತಿ ಹೆಸರು ಎನ್ನುವ ಸಾಲನ್ನು ಎರರ್ ಮಾಡಿ. ಅರ್ಧ ನಿಮಿಷದ ಕೆಲಸ.

ಆದರೆ ಹೆಸರೇ ಇಲ್ಲದ ಎರಡು ನೆಟ್ ಸೇರಿದರೆ? ಎರಡು ಹೆಸರು ಇದ್ದರೆ ತಾನೇ ಜಗಳ. ಹೆಸರು ಕೊಡುವ ಲೇಬಲ್ ತೆಗೆದು ಅದೇ ತಪ್ಪನ್ನು ಮತ್ತೆ ಮಾಡಿದೆ, ಇಆರ್‌ಸಿ ಚಕಾರ ಎತ್ತಲಿಲ್ಲ. ಇಲ್ಲಿ ಕೈ ಹಿಡಿದದ್ದು ಎಫ್8 ಕೀ. ಅದನ್ನು ಒತ್ತಿ ಸ್ಕೆಮ್ಯಾಟಿಕ್‌ನಿಂದ ಪಿಸಿಬಿ (ಬೋರ್ಡಿನ ವಿನ್ಯಾಸ) ಅಪ್‌ಡೇಟ್ ಮಾಡುವಾಗ ಏನೇನು ಬದಲಾಗುತ್ತದೆ ಎಂಬ ಪಟ್ಟಿ ಬರುತ್ತದಲ್ಲ, ಅದರಲ್ಲಿ ಈ ಪಿನ್ ಆ ನೆಟ್ಟಿನಿಂದ ಈ ನೆಟ್ಟಿಗೆ ಎಂದು ಒಂದೊಂದೇ ಸಾಲು ಇರುತ್ತದೆ. ನಾನು ಸರಿಸಿದ್ದು ಒಂದು ರೆಸಿಸ್ಟರ್, ನೆಟ್ ಬದಲಿಸಿರಲೇ ಇಲ್ಲ. ಹಾಗಾದ್ರೆ ಈ ಸಾಲುಗಳು ಯಾಕೆ ಬಂದವು ಅಂತ ತಕ್ಷಣ ಅನುಮಾನ ಬರುತ್ತದೆ. ಪಿಸಿಬಿ ಇನ್ನೂ ಶುರುವಾಗಿಲ್ಲದಿದ್ದರೆ ಇದು ನಡೆಯುವುದಿಲ್ಲ. ಆಗ ಬದಲಾವಣೆಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ನೆಟ್‌ಲಿಸ್ಟ್ ತೆಗೆದು ಎರಡನ್ನೂ ಡಿಫ್ ಮಾಡುತ್ತೇನೆ, ಅಂದರೆ ಏನು ಬದಲಾಗಿದೆ ಎಂದು ಹೋಲಿಸಿ ನೋಡುತ್ತೇನೆ.

ಹಾಗಾಗಿ ನಾನು ಕೀಕ್ಯಾಡ್‌ನಲ್ಲೇ ಉಳಿದಿದ್ದೇನೆ. ಮುಖ್ಯವಾದ ಪ್ರತಿ ವೈರಿಗೂ ಲೇಬಲ್ ಹಾಕುತ್ತೇನೆ, ಎಫ್8 ಪಟ್ಟಿಯನ್ನು ಪೂರ್ತಿ ಓದದೆ ಅಪ್‌ಡೇಟ್ ಒತ್ತುವುದಿಲ್ಲ.